ದುಬಾರೆಯ ಹರಳುಗಳು

ಕೊಡಗಿನ ಕುಶಾಲನಗರಕ್ಕೆ ಸಮೀಪದ ದುಬಾರೆಯಲ್ಲಿ ಕಾವೇರಿಯು ಬಂಡೆಗಳ ನಡುವೆ ಕವಲೊಡೆದು ಹರಿಯುತ್ತಾಳೆ. ಆಚೆಯ ದಡದಲ್ಲಿ ಅರಣ್ಯ ಇಲಾಖೆಯ ಆನೆಗಳ ಶಿಬಿರವಿದೆ. ಒಂದು ಬೇಸಿಗೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದ ವಿದ್ಯಾರ್ಥಿಗಳು ಆನೆಗಳ ಸ್ನಾನವನ್ನು ಕಣ್ತುಂಬ ನೋಡಿ, ಬುತ್ತಿಯುಂಡು, ಹೊಳೆಯಂಚಿನ ನೆರಳಿನಲ್ಲಿ ಕುಳಿತಿದ್ದರು. ಗಣಿತದ ಗುರುಗಳು ಹರಳುಗಳನ್ನು ಆಯ್ದು ನೆಲದ ಮೇಲೆ ಜೋಡಿಸತೊಡಗಿದರು.

ಹನ್ನೆರಡು ಹರಳುಗಳು ಮೂರು ಸಮಸಾಲುಗಳಾಗಿ ನಿಂತವು. ಹದಿಮೂರನೆಯದು ಬಂದೊಡನೆ ಆ ವ್ಯವಸ್ಥೆ ಕೆಟ್ಟಿತು. ಒಂದೇ ಸಾಲಿನಲ್ಲಲ್ಲದೆ ಬೇರೆ ಯಾವ ಸಮಸಾಲುಗಳಿಗೂ ಒಗ್ಗದ ಇಂಥವೇ ಅವಿಭಾಜ್ಯ ಸಂಖ್ಯೆಗಳು. ಬಳಿಕ ಅವರು 1, 2, 4, 8, 16 ಎಂದು ಇಮ್ಮಡಿಸುತ್ತ ಗುಂಪುಗಳನ್ನಿಟ್ಟರು. ಎರಡು ಗುಂಪುಗಳ ಮೊತ್ತ 3, ಮೂರರದು 7, ಐದರದು 31, ಎಲ್ಲವೂ ಅವಿಭಾಜ್ಯಗಳೇ.

ತರಗತಿಯಲ್ಲಿ ಎಂದೂ ಬಾಯ್ದೆರೆಯದ ಬಾಲಕನೊಬ್ಬನು ಎದ್ದು ನಿಂತನು. “ಗುರುಗಳೇ, ಗುಂಪುಗಳ ಎಣಿಕೆ ಅವಿಭಾಜ್ಯವಾದರೆ ಮೊತ್ತವೂ ಅವಿಭಾಜ್ಯವೇ ಅಲ್ಲವೇ?”

ಗುರುಗಳು ಅಲ್ಲವೆನ್ನಲಿಲ್ಲ, ಹನ್ನೊಂದು ಗುಂಪುಗಳ ಮೊತ್ತವನ್ನು ಅವನಿಂದಲೇ ಮಾಡಿಸಿದರು. ಬಂದದ್ದು 2047. ಅದು 23 ಮತ್ತು 89ರ ಗುಣಲಬ್ಧವೆಂದು ತಿಳಿದಾಗ ಬಾಲಕನ ಮುಖ ಬಾಡಿತು. ಗೆಳೆಯರು ನಕ್ಕರು.

“ನಗಬೇಡಿ. ಇವನ ಊಹೆ ಸೋತಿತು, ಪ್ರಶ್ನೆ ಸೋಲಲಿಲ್ಲ. ಮೂವತ್ತೊಂದು ಗುಂಪುಗಳ ಮೊತ್ತ 2,14,74,83,647. ಅದು ನಿಜವಾಗಿಯೂ ಅವಿಭಾಜ್ಯ” ಎಂದರು ಗುರುಗಳು.

ಬಾಲಕನು ಕುಳಿತುಕೊಳ್ಳಲಿಲ್ಲ. “ಅಷ್ಟು ದೊಡ್ಡದನ್ನು ಎಲ್ಲ ಸಂಖ್ಯೆಗಳಿಂದಲೂ ಭಾಗಿಸಿ ನೋಡಿದವರು ಯಾರು?”

ಹಾಗೆ ನೋಡುವ ಅಗತ್ಯವೇ ಬೀಳಲಿಲ್ಲವೆಂಬುದೇ ಗಣಿತದ ಸೊಬಗು. ದೃಷ್ಟಿಯನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದ ಆಯ್ಲರ್ ಮಹಾಶಯನು 1772ರಲ್ಲಿ ಇದನ್ನು ಸಾಧಿಸಿದನು. ಈ ಸಂಖ್ಯೆಗೆ ಅವಿಭಾಜ್ಯ ಭಾಜಕವೊಂದಿದ್ದರೆ, ಅದನ್ನು 31ರಿಂದ ಭಾಗಿಸಿದಾಗ 1 ಉಳಿಯಬೇಕು. 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. ಈ ನಿಯಮಕ್ಕೆ ಒಳಪಡುವ ಮೊದಲ ಅವಿಭಾಜ್ಯವೇ 311. ಅದಕ್ಕಿಂತ ಚಿಕ್ಕವೆಲ್ಲವೂ ಪರೀಕ್ಷೆಯಿಲ್ಲದೆಯೇ ಬಿದ್ದುಹೋದವು. ವರ್ಗಮೂಲದ ಆಚೆಗೆ, ಅಂದರೆ 46,340ರ ಮೇಲೆ, ಹುಡುಕುವ ಕಾರಣವಿಲ್ಲ. ಉಳಿದ ಕೆಲವನ್ನು ಮಾತ್ರ ಭಾಗಿಸಿ ನೋಡಿದ್ದಾಯಿತು. ಯಾವುದೂ ನಿಶ್ಶೇಷವಾಗಿ ಭಾಗಿಸಲಿಲ್ಲ. ಇದೇ ಕುಲಕ್ಕೆ ಸೇರಿದ, 4,10,24,320 ಅಂಕೆಗಳುಳ್ಳ ಅವಿಭಾಜ್ಯವೊಂದು 2024ರಲ್ಲಿ ಪತ್ತೆಯಾಯಿತು.

“ಇದೆಲ್ಲ ದೂರದೇಶದ ವಿದ್ಯೆಯೆಂದು ತಿಳಿಯಬೇಡ” ಎಂದು ಗುರುಗಳು ಹೊಳೆಯತ್ತ ಕೈತೋರಿದರು. ದುಬಾರೆಯನ್ನು ದಾಟಿದ ಈ ನೀರೇ ಕೃಷ್ಣರಾಜಸಾಗರವನ್ನು ಸೇರಿ, ಮಂಡ್ಯದ ಗದ್ದೆಗಳಿಗೆ ಹರಿಯುತ್ತದೆ. ಅದೇ ಮಂಡ್ಯದಲ್ಲಿ 1933ರಲ್ಲಿ ಜನಿಸಿದ ಕೆ. ರಾಮಚಂದ್ರ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದಶಕಗಳ ಕಾಲ ಸಂಖ್ಯಾಶಾಸ್ತ್ರದ ತಪಸ್ಸು ನಡೆಸಿದರು, 1978ರಲ್ಲಿ ಆರ್. ಬಾಲಸುಬ್ರಮಣಿಯನ್ ಅವರೊಡನೆ ಹಾರ್ಡಿ–ರಾಮಾನುಜನ್ ಹೆಸರಿನ ಗಣಿತ ಪತ್ರಿಕೆಯನ್ನು ಸ್ಥಾಪಿಸಿದರು.

ಸಂಜೆ ಹೊಳೆ ದಾಟುವಾಗ ಬಾಲಕನ ಮುಷ್ಟಿಯಲ್ಲಿ ಕೆಲವು ಹರಳುಗಳಿದ್ದವು. ಎಷ್ಟೆಂದು ಗುರುಗಳು ಕೇಳಿದರು. “ಹದಿಮೂರು” ಎಂದವನು ಕ್ಷಣಕಾಲ ತಡೆದು, “ಎಣಿಸಿಯೇ ಹೇಳುತ್ತಿದ್ದೇನೆ, ಗುರುಗಳೇ” ಎಂದನು. ಗುರುವಿಗೆ ಸಲ್ಲುವ ಕಾಣಿಕೆಗಳಲ್ಲಿ ಇದಕ್ಕಿಂತ ಹಿರಿದು ಯಾವುದಿದೆ?