ಎರಡು ಹೊಳೆಗಳ ನಡುವಿನ ಬಾಡಗಂಡಿ

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲೂಕನ್ನು ನಡುನಾಡಿನ ದ್ವೀಪವೆಂದರೂ ಸಲ್ಲುತ್ತದೆ. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ಘಟಪ್ರಭೆ. ಇವೆರಡೂ ಮೂಡಣದ ಚಿಕ್ಕಸಂಗಮದಲ್ಲಿ ಕೂಡುತ್ತವೆ. ಈ ನಡುನೆಲದ ಊರು ಬಾಡಗಂಡಿ. ಸುತ್ತಲೂ ಹೊಳೆಗಳಿದ್ದರೂ ಮುಗಿಲಿನತ್ತ ಮುಖವೆತ್ತಿ ಬಾಳುವ ಸೀಮೆಯಿದು.

ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಸಹ್ಯಾದ್ರಿಯ ಮರೆಯಲ್ಲಿರುವ ಈ ನೆಲಕ್ಕೆ ದಕ್ಕುವುದು ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು. ತನ್ನ ಮಳೆ ತಪ್ಪಿದಾಗ ಬರ. ಪರರ ಮಳೆ ಹೆಚ್ಚಿದಾಗ ನೆರೆ. 1876-78ರ ಮಹಾಕ್ಷಾಮ ಈ ಸೀಮೆಯನ್ನು ಹಿಂಡಿತು. 2019ರ ಆಗಸ್ಟಿನಲ್ಲಿ ಘಟ್ಟದ ಮಳೆ ಪ್ರವಾಹವಾಗಿ ಇಳಿದು ನದೀತೀರದ ಊರುಗಳನ್ನು ಆವರಿಸಿತು.

ಮುಂದಿನ ಕಾಲವನ್ನು ಎಣಿಸುವುದೆಂತು? ಜಗತ್ತಿನ ಹವೆಯನ್ನು ಲೆಕ್ಕಹಾಕುವ ಗಣಕಗಳು ಭೂಮಿಯನ್ನು ಸುಮಾರು ನೂರು ಕಿಲೋಮೀಟರು ಅಗಲದ ಚೌಕಗಳಾಗಿ ವಿಂಗಡಿಸುವುದುಂಟು. ಅಂಥ ಚೌಕದಲ್ಲಿ ಲಕ್ಷದ್ವೀಪದ ದ್ವೀಪಗಳು ಕಡಲಲ್ಲಿ ಕರಗಿಹೋಗುತ್ತವೆ. ಸಹ್ಯಾದ್ರಿಯ ಕಡಿದಾದ ಏರು ಚಪ್ಪಟೆಯಾಗಿ, ಮಳೆಮರೆಯ ಗೆರೆ ಮಸುಕಾಗುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯಲ್ಲಿ ಈ ಚೌಕವನ್ನು 50 ಕಿಲೋಮೀಟರಿಗೆ ಕಿರಿದುಗೊಳಿಸಿ ಲೆಕ್ಕ ಮಾಡಲಾಗಿದೆ.

ಲೆಕ್ಕವನ್ನು ಒರೆಗೆ ಹಚ್ಚಲು ಹಳೆಯ ಸಾಕ್ಷಿಯೂ ಬೇಕಷ್ಟೆ. ಉತ್ತರ ಕನ್ನಡ ಜಿಲ್ಲೆಯ ಆಕಳಗವಿಯಲ್ಲಿ ತೊಟ್ಟು ತೊಟ್ಟಾಗಿ ಬೆಳೆದ ಸುಣ್ಣದ ಕಲ್ಲೊಂದರ ಪದರುಗಳಿಂದ ವಿಜ್ಞಾನಿಗಳು 331 ವರ್ಷಗಳ ಮಳೆಯ ಏರಿಳಿತವನ್ನು ಓದಿ, 2004ರಲ್ಲಿ ಪ್ರಕಟಿಸಿದರು.

ಎರೆಹೊಲದ ರೈತನಿಗೆ ಬೇಕಾದುದು ಜಗತ್ತಿನ ಸರಾಸರಿಯಲ್ಲ. ಹಿಂಗಾರಿ ಜೋಳದ ಹೊತ್ತಿಗೆ ತನ್ನ ಹೊಲ ಹಸಿಯಾದೀತೇ ಎಂಬ ಪ್ರಶ್ನೆಗೆ ಉತ್ತರ. ಅಷ್ಟು ಸಣ್ಣ ಚೌಕಕ್ಕೆ ವಿಜ್ಞಾನ ಇನ್ನೂ ಇಳಿದು ಬರಬೇಕಾಗಿದೆ.