ತಪ್ಪನ್ನು ತಿದ್ದುವ ಬಗೆ

ನಡೆಯುವ ಕಾಲು ಎಡವುತ್ತದೆ ಎಂದು ಹಿರಿಯರು ಹೇಳುವುದುಂಟು. ಮನುಷ್ಯನ ವಿಷಯದಲ್ಲಿ ಈ ಮಾತನ್ನು ಒಪ್ಪುವ ನಾವು ಯಂತ್ರ ಮಾತ್ರ ಎಡವದೆಂದು ನಂಬಿರುತ್ತೇವೆ. ಆದರೆ ಈ ಶತಮಾನದ ಅತ್ಯಂತ ಸೂಕ್ಷ್ಮ ಯಂತ್ರಗಳಲ್ಲಿ ಒಂದಾದ ಕ್ವಾಂಟಮ್ ಗಣಕಯಂತ್ರವು ಹೆಜ್ಜೆಹೆಜ್ಜೆಗೂ ಎಡವುವಂಥದು.

ಸಾಮಾನ್ಯ ಗಣಕಯಂತ್ರದ ಬಿಟ್ ಸೊನ್ನೆಯಾಗಿರಬೇಕು, ಇಲ್ಲವೇ ಒಂದಾಗಿರಬೇಕು. ಕ್ವಾಂಟಮ್ ಯಂತ್ರದ ಕ್ಯೂಬಿಟ್ ಇವೆರಡೂ ಬೆರೆತ ಸ್ಥಿತಿಯಲ್ಲಿ ಇರಬಲ್ಲುದು. ಇಂತಹ ಯಂತ್ರವು ಬಹು ದೊಡ್ಡ ಸಂಖ್ಯೆಗಳನ್ನು ಶೀಘ್ರವಾಗಿ ಅಪವರ್ತನಗಳಾಗಿ ಒಡೆಯಬಲ್ಲುದೆಂದು ಅಮೆರಿಕದ ಗಣಿತಜ್ಞ ಪೀಟರ್ ಶೋರ್ 1994ರಲ್ಲಿ ತೋರಿಸಿಕೊಟ್ಟರು. ಅಪವರ್ತನ ಕಠಿಣವೆಂಬ ಭರವಸೆಯ ಮೇಲೆಯೇ ಅನೇಕ ಗೂಢಲಿಪಿಗಳು ನಿಂತಿದ್ದುದರಿಂದ ಜಗತ್ತು ಬೆಚ್ಚಿ ನೋಡಿತು. ಆದರೆ ಕ್ಯೂಬಿಟ್ ಬಹು ಸುಕುಮಾರವಾದುದು. ಕೊಂಚ ಶಾಖ ತಗುಲಿದರೂ ಅದರ ಸ್ಥಿತಿ ಕೆಡುತ್ತದೆ. ಹಲವು ನೂರು ಅಥವಾ ಕೆಲವು ಸಾವಿರ ಕ್ರಿಯೆಗಳಿಗೊಮ್ಮೆ ತಪ್ಪು ನುಸುಳುತ್ತದೆ. ದೊಡ್ಡ ಲೆಕ್ಕಗಳಿಗಾದರೋ ಕೋಟಿಗಟ್ಟಲೆ ಕ್ರಿಯೆಗಳು ಬೇಕು.

ಹಾಗಾದರೆ ತಿದ್ದುವುದು ಹೇಗೆ? ಸಾಮಾನ್ಯ ಬಿಟ್ಟಿಗೆ ಮೂರು ನಕಲು ಮಾಡಿಟ್ಟು ಬಹುಮತವನ್ನು ನಂಬಬಹುದು. ಕ್ವಾಂಟಮ್ ಲೋಕದಲ್ಲಿ ಆ ದಾರಿಯಿಲ್ಲ. ಅಜ್ಞಾತ ಸ್ಥಿತಿಯೊಂದನ್ನು ಯಥಾವತ್ತಾಗಿ ನಕಲು ಮಾಡಲಾಗದೆಂಬುದು 1982ರಲ್ಲೇ ಸಿದ್ಧವಾಗಿತ್ತು. ಇನ್ನು ಇಣುಕಿ ನೋಡಿದರೋ, ನೋಟದಿಂದಲೇ ಆ ಬೆರಕೆ ಕುಸಿದುಹೋಗುತ್ತದೆ!

ಮೂವತ್ತು ವರ್ಷಗಳಿಗೂ ಮಿಕ್ಕು ಉತ್ತರ ಪತ್ರಿಕೆಗಳನ್ನು ತಿದ್ದಿದ ನನಗೆ ಈ ಸಂಕಟ ಅಪರಿಚಿತವಲ್ಲ. ತಪ್ಪನ್ನು ಗುರುತಿಸುವುದು ಸುಲಭ. ಬರೆದ ಮಗುವಿನ ಉತ್ಸಾಹ ಮುದುಡದಂತೆ ತಿದ್ದುವುದು ಕಷ್ಟ. 1995ರಲ್ಲಿ ಶೋರ್ ಅವರೇ ಇಂತಹ ನಯವಾದ ಉಪಾಯವೊಂದನ್ನು ಕಂಡುಹಿಡಿದರು. ಒಂದು ಕ್ಯೂಬಿಟ್ಟಿನ ಮಾಹಿತಿಯನ್ನು ಒಂಬತ್ತರಲ್ಲಿ ಹೆಣೆದು ಹರಡಿದರು. ‘ನಿನ್ನ ಉತ್ತರವೇನು?’ ಎಂದು ಯಾವುದನ್ನೂ ಕೇಳಬಾರದು. ‘ನೀವಿಬ್ಬರೂ ಒಂದೇ ಬಗೆಯೋ?’ ಎಂದು ನೆರೆಯವರನ್ನು ಕೇಳಬೇಕು. ಮೂವರಲ್ಲಿ ಮೊದಲನೆಯವನಿಗೂ ಎರಡನೆಯವನಿಗೂ ಹೊಂದದೆ, ಎರಡನೆಯವನಿಗೂ ಮೂರನೆಯವನಿಗೂ ಹೊಂದಿದರೆ, ಎಡವಿದವನು ಮೊದಲನೆಯವನೆಂದು ಊಹಿಸಬಹುದು. ತಪ್ಪು ಬಯಲಾಗುತ್ತದೆ, ಗುಟ್ಟು ಉಳಿಯುತ್ತದೆ.

ಆದರೆ ತಿದ್ದಲು ಸೇರಿಸಿದ ಕ್ಯೂಬಿಟ್ಟುಗಳೂ ತಪ್ಪು ಮಾಡುತ್ತವಲ್ಲ! ಬಿಡಿ ತಪ್ಪುಗಳು ಒಂದು ಮಿತಿಯನ್ನು ಮೀರಿದ್ದರೆ, ಗುಂಪು ಬೆಳೆದಷ್ಟೂ ಗೊಂದಲ ಬೆಳೆಯುತ್ತದೆ; ಮಿತಿಯೊಳಗಿದ್ದರೆ ಗುಂಪು ಬೆಳೆದಷ್ಟೂ ತಪ್ಪು ಕುಗ್ಗುತ್ತದೆ. ಈ ಎರಡನೆಯ ಮಾತು ನಿಜವಾಗುವುದೇ ಎಂಬುದು ಬಹುಕಾಲ ಕಾಡಿದ ಪ್ರಶ್ನೆಯಾಗಿತ್ತು. 2024ರ ಡಿಸೆಂಬರಿನಲ್ಲಿ ಗೂಗಲ್ ಸಂಸ್ಥೆಯ ವಿಜ್ಞಾನಿಗಳು 105 ಕ್ಯೂಬಿಟ್ಟುಗಳ ‘ವಿಲ್ಲೋ’ ಎಂಬ ಬಿಲ್ಲೆಯ ಫಲಿತಾಂಶವನ್ನು ಪ್ರಕಟಿಸಿದರು. ಮಾಹಿತಿಯನ್ನು ಹೊತ್ತ ಚೌಕವನ್ನು 3 ಸಾಲುಗಳಿಂದ 5ಕ್ಕೆ, 5ರಿಂದ 7ಕ್ಕೆ ಹಿಗ್ಗಿಸಿದಾಗ, ಪ್ರತಿ ಹಂತದಲ್ಲೂ ತಪ್ಪು ಸುಮಾರು ಅರ್ಧಕ್ಕಿಳಿಯಿತು. ಹೆಣೆದ ಗುಂಪು ತನ್ನ ಅತ್ಯುತ್ತಮ ಬಿಡಿ ಸದಸ್ಯನಿಗಿಂತ ಎರಡು ಪಟ್ಟಿಗೂ ಹೆಚ್ಚು ಕಾಲ ನೆನಪನ್ನು ಕಾಪಾಡಿತು.

ಇದು ಗುರಿಯಲ್ಲ, ದಾರಿಯ ಒಂದು ಮೈಲಿಗಲ್ಲು. ಅಲ್ಲಿ ಉಳಿದದ್ದು ಒಂದೇ ಕ್ಯೂಬಿಟ್ಟಿನ ನೆನಪು. ಗೂಢಲಿಪಿ ಒಡೆಯುವಂತಹ ಕೆಲಸಕ್ಕೆ ಇಂತಹ ಸುರಕ್ಷಿತ ಕ್ಯೂಬಿಟ್ಟುಗಳು ನೂರಾರು, ಸಾವಿರಾರು ಬೇಕು. ಆದರೂ ಒಬ್ಬೊಬ್ಬರೂ ಎಡವುವವರೇ ಆದ ಕೂಟವೊಂದು, ಪರಸ್ಪರ ಕೈಹಿಡಿದು ನೆಟ್ಟಗೆ ನಡೆಯಬಲ್ಲುದೆಂಬುದು ಪ್ರಯೋಗದಿಂದ ಸಿದ್ಧವಾಯಿತು. ಮುಂದಿನ ಮೈಲಿಗಳನ್ನು ನಡೆಯುವವರು ಇಂದು ಯಾವುದೋ ಶಾಲೆಯ ಬೆಂಚಿನ ಮೇಲೆ ಕುಳಿತಿದ್ದಾರೆ.