ಸದ್ದಿಲ್ಲದ ಸವಾರಿ

ವರನನ್ನು ನೋಡಲು ಬಂದವರು ಸಂಬಳ ಎಷ್ಟು ಎಂದು ಕೇಳುವಂತೆ, ಕಾರನ್ನು ನೋಡಲು ಬಂದವರು ಎಷ್ಟು ಕೊಡುತ್ತದೆ ಎಂದು ಕೇಳುತ್ತಾರೆ. ಎರಡು ಪ್ರಶ್ನೆಗಳಿಗೂ ಬರುವ ಉತ್ತರದಲ್ಲಿ ಸ್ವಲ್ಪ ಉಬ್ಬು ಇರುತ್ತದೆಂಬುದು ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು. ಆದರೂ ಕೇಳದೆ ಇರಲಾರರು. ಕಳೆದ ಒಂದು ತಿಂಗಳು ಮೈಸೂರಿನ ನಮ್ಮ ಮನೆಯ ಅಂಗಳದಲ್ಲಿ ನಿಂತಿದ್ದ ವಿದ್ಯುತ್ ಕಾರನ್ನು ಕಂಡು ಈ ಪ್ರಶ್ನೆ ಕೇಳದೆ ಉಳಿದವರು ಸರಸ್ವತೀಪುರದಲ್ಲಿ ಇಬ್ಬರೇ: ಒಬ್ಬಳು ಹೂವು ಮಾರುವ ಹೆಂಗಸು, ಇನ್ನೊಬ್ಬರು ನನ್ನ ತಾಯಿ.

ಕಾರು ನನ್ನದಲ್ಲ. ಕನ್ನಡ ಪಾಠ ಹೇಳುವವನ ಅಂಗಳಕ್ಕೆ ಅಂಥ ವಾಹನ ತಾನಾಗಿ ಬರುವುದಿಲ್ಲ. ಬೆಂಗಳೂರಿನಲ್ಲಿರುವ ನನ್ನ ಭಾವಮೈದುನನಿಗೆ ಜರ್ಮನಿಗೆ ವರ್ಗವಾಯಿತು. ಎರಡು ವರ್ಷದ ಹಿಂದೆ ಕೊಂಡ ಕಾರನ್ನು ಯಾರಿಗೋ ಮಾರಲು ಅವನಿಗೆ ಮನಸ್ಸಿಲ್ಲ. "ಭಾವ, ಒಂದು ತಿಂಗಳು ಓಡಿಸಿ ನೋಡಿ. ಒಪ್ಪಿಗೆಯಾದರೆ ಅರ್ಧ ಬೆಲೆಗೆ ನೀವೇ ಇಟ್ಟುಕೊಳ್ಳಿ" ಎಂದು ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿ ವಿಮಾನ ಹತ್ತಿದ. ಬೀಗದ ಕೈ ಎಂದೆ. ಅದು ಒಂದು ಪ್ಲಾಸ್ಟಿಕ್ ಚೀಟಿ.

ಅರ್ಧ ಬೆಲೆಯೆಂದರೆ ಹಗುರವಾಗಿ ಎಣಿಸಬೇಡಿ. ಈ ಜಾತಿಯ ಕಾರುಗಳ ಬೆಲೆ ನಮ್ಮಲ್ಲಿ ಹೀಗಿದೆ: 2022ರಲ್ಲಿ ಬಿಎಂಡಬ್ಲ್ಯು ಐ4 ಬಂದಾಗ ಸುಮಾರು 70 ಲಕ್ಷ, 2024ರ ಮಾರ್ಚಿನಲ್ಲಿ ಬಿವೈಡಿ ಸೀಲ್ ಬಂದಾಗ 41ರಿಂದ 53 ಲಕ್ಷ. ನಮ್ಮ ಅತಿಥಿಯೂ ಆ ಪಂಕ್ತಿಯದೇ. ಅತಿಥಿಯ ಗುಣದೋಷವನ್ನು ಹೆಸರು ಹಿಡಿದು ಹೇಳುವುದು ಮರ್ಯಾದೆಯಲ್ಲವಾದ್ದರಿಂದ ಹೆಸರನ್ನು ಬಿಡುತ್ತೇನೆ.

ಮೊದಲು ಆ ಸರ್ವಸಾಮಾನ್ಯ ಪ್ರಶ್ನೆಗೆ ಉತ್ತರ ಹೇಳಿಬಿಡೋಣ. ಒಮ್ಮೆ ಬ್ಯಾಟರಿ ತುಂಬಿದರೆ ಆರುನೂರು ಕಿಲೋಮೀಟರು ಎಂದು ತಯಾರಕರ ಕಾಗದ ಹೇಳುತ್ತದೆ. ಈ ಅಂಕಿಗಳು ಪರೀಕ್ಷೆಯ ಕೊಠಡಿಯಲ್ಲಿ ಹುಟ್ಟುತ್ತವೆ. ನಮ್ಮಲ್ಲಿ ಉದಾರಿಯಾದ ಮೌಲ್ಯಮಾಪಕರೂ ಬಿಗಿಯಾದ ಮೌಲ್ಯಮಾಪಕರೂ ಇರುವಂತೆ ಅಲ್ಲಿಯೂ ಎರಡು ಬಗೆ. ಯೂರೋಪಿನ ಹಳೆಯ ಪರೀಕ್ಷೆ ಧಾರಾಳಿ. 2017ರಿಂದ ಅದರ ಸ್ಥಾನಕ್ಕೆ ಬಂದ ಡಬ್ಲ್ಯುಎಲ್‌ಟಿಪಿ ಎಂಬುದು ಸ್ವಲ್ಪ ಕೈ ಬಿಗಿ. ನಾನು ಎರಡನ್ನೂ ನಂಬದೆ, 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿಯಲ್ಲಿ, ಗಂಟೆಗೆ ನೂರು ಕಿಲೋಮೀಟರಿನ ಮಿತಿಯನ್ನು ದಾಟದೆ ಬೆಂಗಳೂರಿಗೆ ಹೋಗಿ ಬಂದೆ. ಮನೆಯಿಂದ ಮನೆಗೆ 300 ಕಿಲೋಮೀಟರು. ಹೊರಟಾಗ ನೂರಕ್ಕೆ 95 ಇದ್ದದ್ದು ಬಂದಾಗ 33 ಆಗಿತ್ತು. ಬ್ಯಾಟರಿ ಹಿಡಿಯುವುದು ಎಂಬತ್ತು ಚಿಲ್ಲರೆ ಯೂನಿಟ್ಟು. ಲೆಕ್ಕ ಹಾಕಿದರೆ ತುಂಬಿದ ಹೊಟ್ಟೆಗೆ 480 ಕಿಲೋಮೀಟರು. ಕಾಗದದ ಮಾತಿಗಿಂತ ಕಡಿಮೆ. ಆದರೆ ದಾರಿಯಲ್ಲಿ ಎಲ್ಲಿಯೂ ಕೈಕೊಡಲಿಲ್ಲ. ಓಟವಂತೂ ಬೆಣ್ಣೆಯ ಮೇಲೆ ಕೂದಲೆಳೆದಂತೆ. ಪಾದವನ್ನು ಸ್ವಲ್ಪ ಒತ್ತಿದರೆ ಸಾಕು, ಪಕ್ಕದ ಲಾರಿ ಹಿಂದಿನ ಜನ್ಮದ ನೆನಪಿನಂತೆ ಹಿಂದೆ ಉಳಿಯುತ್ತದೆ.

ಆದರೆ ನಾನು ದಿನಾ ಬೆಂಗಳೂರಿಗೆ ಹೋಗುವವನಲ್ಲ. ಕಾಲೇಜಿಗೆ ಹೋಗಿ ಬರುವುದು, ಸಂಜೆ ತರಕಾರಿ, ವಾರಕ್ಕೊಮ್ಮೆ ತಾಯಿಯನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯುವುದು, ಇಷ್ಟನ್ನೂ ಕೂಡಿಸಿದರೆ ದಿನಕ್ಕೆ ಇಪ್ಪತ್ತು ಕಿಲೋಮೀಟರು. ಇಪ್ಪತ್ತರ ಬಾಳಿಗೆ 480ರ ಬ್ಯಾಟರಿ! ಎರಡು ಚೊಂಬು ನೀರು ಬೇಕಾದವನು ಹಂಡೆಯನ್ನೇ ಬೆನ್ನಿಗೆ ಕಟ್ಟಿಕೊಂಡು ತಿರುಗಿದ ಹಾಗೆ. ಹಂಡೆಯ ತೂಕವೇ ಐದು ಕ್ವಿಂಟಾಲಿಗೆ ಮೇಲು. ಕಾರಿನ ಒಟ್ಟು ತೂಕ ಎರಡು ಟನ್ನು. ಅಷ್ಟು ಭಾರ ನಾನೊಬ್ಬ, ನನ್ನ ಕೊಡೆ, ಮೂವತ್ತು ಉತ್ತರಪತ್ರಿಕೆ ಇಷ್ಟನ್ನು ಹೊತ್ತು ದಿನವೂ ಕಾಲೇಜಿಗೆ ಹೋಗುತ್ತಿತ್ತು.

ಇದರಲ್ಲಿ ಒಂದು ಅನುಕೂಲವೂ ತಿಳಿಯಿತು. ವಿದ್ಯುತ್ ಕಾರಿಗೆ ಗೋಡೆಯ ಮೇಲೆ ದೊಡ್ಡ ಪೆಟ್ಟಿಗೆ ಬೇಕು, ಮನೆಯ ಸಂಪರ್ಕದ ಸಾಮರ್ಥ್ಯ ಹೆಚ್ಚಿಸಬೇಕು ಎಂದು ನನ್ನನ್ನು ಹೆದರಿಸಿದವರು ಬಹಳ. ನಮ್ಮ ಸ್ನಾನದ ಮನೆಯ ಗೀಸರಿಗೆ ಇರುವಂಥ 15 ಆಂಪಿಯರಿನ ಸಾಧಾರಣ ಸಾಕೆಟ್ಟು ಗಂಟೆಗೆ ಸುಮಾರು ಮೂರು ಯೂನಿಟ್ಟು ಕೊಡುತ್ತದೆ. ಬರಿದಾದ ಬ್ಯಾಟರಿ ಅದರಿಂದ ತುಂಬಬೇಕಾದರೆ ಹಗಲೂ ರಾತ್ರಿ ಸಾಲದು, ನಿಜ. ಆದರೆ ಇಪ್ಪತ್ತು ಕಿಲೋಮೀಟರಿಗೆ ಖರ್ಚಾಗುವುದು ಮೂರೂವರೆ ಯೂನಿಟ್ಟು. ರಾತ್ರಿ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ನಾಲ್ಕು ಪುಟ ಓದುವಷ್ಟರಲ್ಲಿ ಅದು ಭರ್ತಿ. ಜನ ಹೆದರುವುದು ದೂರಪ್ರಯಾಣದ ಲೆಕ್ಕಕ್ಕೆ. ಬದುಕುವುದು ಹತ್ತಿರದ ಪ್ರಯಾಣಗಳಲ್ಲಿ.

ಒಂದು ಭಾನುವಾರ ಚಾಮುಂಡಿ ಬೆಟ್ಟಕ್ಕೂ ಹೋದೆವು. ಹತ್ತುವಾಗ ನೂರಕ್ಕೆ ನಾಲ್ಕು ಅಂಶ ಇಳಿದ ಬ್ಯಾಟರಿ, ಇಳಿಯುವಾಗ ಒಂದು ಅಂಶ ಏರಿತು. ಪಾದ ತೆಗೆದೊಡನೆ ಮೋಟಾರೇ ಡೈನಮೋ ಆಗಿ, ಬ್ರೇಕಿನಲ್ಲಿ ಶಾಖವಾಗಿ ಹೋಗಬೇಕಾದ ಶಕ್ತಿಯನ್ನು ತಿರುಗಿ ಬ್ಯಾಟರಿಗೆ ತುಂಬುತ್ತದೆ. ಕೊಟ್ಟ ಸಾಲದಲ್ಲಿ ಕಾಲು ಭಾಗ ತಾನಾಗಿ ಮನೆಬಾಗಿಲಿಗೆ ಬಂದರೆ ಎಷ್ಟು ಸಂತೋಷವೋ ಅಷ್ಟು ಸಂತೋಷ ನನಗಾಯಿತು.

ಇನ್ನು ಕಷ್ಟ. ಹೊಟ್ಟೆಯೊಳಗೆ ಬ್ಯಾಟರಿ ಇರುವುದರಿಂದ ಈ ಜಾತಿಯ ಕಾರುಗಳ ಹೊಟ್ಟೆ ನೆಲಕ್ಕೆ ಹತ್ತಿರ. ರಸ್ತೆಯ ಉಬ್ಬು ಹತ್ತು ಸೆಂಟಿಮೀಟರು ಎತ್ತರ, ಸುಮಾರು ಮೂರು ಮುಕ್ಕಾಲು ಮೀಟರು ಅಗಲ ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆ ಬರೆದಿಟ್ಟಿದೆ. ನಮ್ಮ ಬೀದಿಯ ಉಬ್ಬನ್ನು ಕಟ್ಟಿದವರು ಆ ಗ್ರಂಥವನ್ನು ಓದಿದವರಲ್ಲ. ಮೊದಲ ದಿನ ಕೆಳಗಿನಿಂದ ಬಂದ ಕರ್ ಎಂಬ ಶಬ್ದಕ್ಕೆ ನನ್ನ ಹಲ್ಲು ಜುಮ್ಮೆಂದಿತು. ಆಮೇಲೆ ಮೂಲೆಯಿಂದ ಮೂಲೆಗೆ, ರಥ ಎಳೆಯುವವರಂತೆ, ಓರೆಯಾಗಿ ದಾಟುವುದನ್ನು ಕಲಿತೆ. ಉದ್ದವೂ ಅಷ್ಟೆ: ಹದಿನೈದೂ ಮುಕ್ಕಾಲು ಅಡಿ. ತಂದೆಯ ಕಾಲದ ಅಂಗಳದಲ್ಲಿ ಓರೆಯಾಗಿ ನಿಲ್ಲಿಸಿದರೆ ಮಾತ್ರ ಗೇಟು ಮುಚ್ಚುತ್ತಿತ್ತು. ನಮ್ಮ ಹಳೆಯ ಪೆಟ್ರೋಲು ಕಾರು ಬೀದಿಯ ಹೊಂಗೆಯ ಮರದ ಕೆಳಗೆ ವಾನಪ್ರಸ್ಥ ಹೂಡಿತು.

ಹಣದ ಮಾತು ಬಂದಾಗ ನನ್ನ ಹೆಂಡತಿ ಕಾಗದ ಪೆನ್ಸಿಲು ತಂದಳು. ತಿಂಗಳಿಗೆ ಆರುನೂರು ಕಿಲೋಮೀಟರು. ಹಳೆಯ ಕಾರು ಲೀಟರಿಗೆ ಹದಿನೈದು ಕೊಡುತ್ತದೆ. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ನಾಲ್ಕು ಸಾವಿರ. ಹೊಸದಕ್ಕೆ ನೂರು ಯೂನಿಟ್ಟು. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಏಳುನೂರು. ಉಳಿತಾಯ ತಿಂಗಳಿಗೆ ಮೂರು ಸಾವಿರದ ಮುನ್ನೂರು, ವರ್ಷಕ್ಕೆ ನಲವತ್ತು ಸಾವಿರ. "ಅರ್ಧ ಬೆಲೆ ಇಪ್ಪತ್ತನಾಲ್ಕು ಲಕ್ಷ. ಅಸಲು ಹುಟ್ಟಬೇಕಾದರೆ ಅರವತ್ತು ವರ್ಷ ಓಡಿಸಬೇಕು. ಆಗ ನಿಮಗೆ ನೂರಾಏಳು" ಎಂದಳು. ಈ ಕಾರು ಉಳಿಸುವುದು ಹೆಚ್ಚು ಓಡುವವನಿಗೆ. ನಿತ್ಯದ ಸಣ್ಣ ಓಟದವನಿಗೆ ಅದು ಸುಖ ಕೊಟ್ಟೀತೇ ಹೊರತು ಲಾಭ ಕೊಡಲಾರದು. ಹಾಗೆ ನೋಡಿದರೆ ಸಣ್ಣ ಓಟದವನನ್ನು ನೆನೆದು ಹುಟ್ಟಿದ ವಿದ್ಯುತ್ ಕಾರು ನಮ್ಮ ಬೆಂಗಳೂರಿನಲ್ಲೇ ಇತ್ತು. 2001ರಲ್ಲಿ ಬಂದ ರೇವಾ: ಎರಡು ಬಾಗಿಲು, ಸೀಸದ ಬ್ಯಾಟರಿ, ಎಂಬತ್ತು ಕಿಲೋಮೀಟರಿನ ಓಟ. ಆಟಿಕೆ ಎಂದು ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕವರ ಪೈಕಿ ದಿನಕ್ಕೆ ಎಂಬತ್ತು ಕಿಲೋಮೀಟರು ಓಡಿಸುವವರು ಎಷ್ಟು ಮಂದಿ ಇದ್ದರೋ!

ಇಷ್ಟೇ ಆಗಿದ್ದರೆ, ಲೆಕ್ಕವನ್ನು ಬದಿಗಿಟ್ಟು ಸುಖಕ್ಕೇ ಸೋತುಬಿಡುತ್ತಿದ್ದೆನೋ ಏನೋ. ನಡೆದದ್ದು ಬೇರೆ.

ನನ್ನ ತಾಯಿಗೆ ಗ್ಲಾಕೋಮ. ಬೆಳಕು ನೆರಳು ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ಆರು ವರ್ಷದಿಂದ ಅವರು ಬೀದಿಯನ್ನು ಕಿವಿಯಿಂದ ನೋಡುತ್ತಿದ್ದಾರೆ. ಹಾಲಿನವನ ಸೈಕಲ್ಲು, ಗ್ಯಾಸಿನ ಗಾಡಿ, ಎದುರು ಮನೆಯವರ ಮಗ ಕೋಪದಲ್ಲಿ ಬಂದನೋ ಸಮಾಧಾನದಲ್ಲಿ ಬಂದನೋ, ಎಲ್ಲವೂ ಅವರಿಗೆ ತಿಳಿಯುತ್ತದೆ. ನಮ್ಮ ಹಳೆಯ ಕಾರು ಬೀದಿಯ ತಿರುವಿಗೆ ಬಂದಾಗ ಒಂದು ಕೆಮ್ಮು ಕೆಮ್ಮುತ್ತದೆ. ಅದನ್ನು ಕೇಳಿದೊಡನೆ ಅವರು ಎದ್ದು ಗೋಡೆ ಹಿಡಿದು ಒಳಗೆ ಹೋಗಿ ಹಾಲು ಬಿಸಿಗಿಡುವರು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಕಾಫಿ. ಹೊಸ ಕಾರು ಬಂದ ಮೇಲೆ ಕಾಫಿ ತಡವಾಯಿತು. ನಾನು ಅದನ್ನು ಗಮನಿಸಿದೆ, ಏಕೆಂದು ಯೋಚಿಸಲಿಲ್ಲ.

ಮೂರನೆಯ ವಾರ, ಒಂದು ಬೆಳಗ್ಗೆ, ಗೇಟು ತೆರೆದಿಟ್ಟು ಬಂದು ಕಾರಿನಲ್ಲಿ ಕುಳಿತೆ. ಮೊಬೈಲಿನಲ್ಲಿ ಪ್ರಾಂಶುಪಾಲರ ಸಂದೇಶವೊಂದಿತ್ತು. ಅದನ್ನು ಓದಿ, ಮೆಲ್ಲನೆ ಹಿಂದಕ್ಕೆ ಬಿಟ್ಟೆ. ಎರಡು ಅಡಿ ಹೋಗಿರಬೇಕು. ಕಾರು ಕೀಚಲು ಕೂಗಿ, ನಾನು ಬ್ರೇಕು ಮುಟ್ಟುವ ಮೊದಲೇ ತಾನಾಗಿ ಗಕ್ಕನೆ ನಿಂತಿತು. ಇಳಿದು ನೋಡಿದರೆ ಹಿಂದೆ, ಕೈ ಚಾಚಿದರೆ ಸಿಕ್ಕುವಷ್ಟು ಹತ್ತಿರದಲ್ಲಿ, ನನ್ನ ತಾಯಿ ಬುಟ್ಟಿ ಹಿಡಿದು ನಿಂತಿದ್ದರು. ಹೂವಿನವಳು ಗೇಟಿನ ಆಚೆ ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದಳು.

"ಗೇಟು ತೆರೆದದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ನೀನು ಹೋದೆ ಅಂದುಕೊಂಡೆ" ಎಂದರು.

ಇಂಥ ಕಾರುಗಳು ಮೆಲ್ಲನೆ ಹೋಗುವಾಗ ಬೇಕೆಂದೇ ಒಂದು ಸದ್ದು ಮಾಡಬೇಕೆಂಬ ನಿಯಮ ಯೂರೋಪಿನಲ್ಲಿದೆ. 2021ರ ಜುಲೈಯಿಂದ ಅಲ್ಲಿ ಮಾರುವ ಹೊಸ ವಿದ್ಯುತ್ ಕಾರುಗಳಿಗೆಲ್ಲ ಅದು ಕಡ್ಡಾಯ. ನಮ್ಮ ಅತಿಥಿಯೂ ತಂಬೂರಿಯ ಶ್ರುತಿಯಂಥ ಒಂದು ಝೇಂಕಾರ ಹೊರಡಿಸುತ್ತದೆ. ಆದರೆ ಎದುರು ಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. ಹಿಂದಕ್ಕೆ ಹೋಗುವಾಗ ಕನಿಷ್ಠ 47 ಡೆಸಿಬೆಲ್ ಸದ್ದಿರಲಿ ಎಂದು ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ನಾವು ಎದುರು ಬದುರು ಕುಳಿತು ಆಡುವ ಮಾತೇ ಅದಕ್ಕಿಂತ ಜೋರು.

ಆ ದಿನ ಕಾಲೇಜಿಗೆ ನಡೆದುಕೊಂಡೇ ಹೋದೆ. ದಾರಿಯುದ್ದಕ್ಕೂ ಮನಸ್ಸು ವಾದ ಹೂಡಿತು. ತಾಯಿಯನ್ನು ಉಳಿಸಿದ್ದೂ ಆ ಕಾರೇ. ನನ್ನ ಮುದಿ ಕಾರಿಗೆ ತಾನಾಗಿ ನಿಲ್ಲುವ ಬುದ್ಧಿ ಎಲ್ಲಿಂದ ಬರಬೇಕು? ಆದರೆ ಮುದಿ ಕಾರು ಅಂಗಳದಲ್ಲಿ ಗುಡುಗುತ್ತಿದ್ದರೆ ಅವರು ಮೆಟ್ಟಿಲನ್ನೇ ಇಳಿಯುತ್ತಿರಲಿಲ್ಲ. ಅಪಾಯವನ್ನು ತಂದದ್ದೂ ತಪ್ಪಿಸಿದ್ದೂ ಒಂದೇ ಯಂತ್ರವಾದರೆ ಅದಕ್ಕೆ ಅಂಕ ಕೊಡುವುದು ಹೇಗೆ? ಇನ್ನೂ ಒಂದು ಮಾತು ಚುಚ್ಚಿತು: ಕಾರು ನೋಡಿತು, ನಾನು ನೋಡಲಿಲ್ಲ.

ಭಾವಮೈದುನನಿಗೆ ಫೋನು ಮಾಡಿ, ಕಾರು ಬಹಳ ಒಳ್ಳೆಯದು, ನಮ್ಮ ದಿನಚರಿಗೆ ದೊಡ್ಡದಾಯಿತು ಎಂದೆ. ಅವನಿಗೆ ಬೇಸರವಾಗಲಿಲ್ಲ. ನನ್ನ ಹಳೆಯ ಕಾರಿಗೆ ಹದಿಮೂರು ವರ್ಷ. ಹದಿನೈದು ತುಂಬಿದಾಗ ನೋಂದಣಿ ನವೀಕರಿಸುವ ಬದಲು ಒಂದು ಪುಟ್ಟ ವಿದ್ಯುತ್ ಕಾರನ್ನೇ ಕೊಳ್ಳುವುದೆಂದು ನಾನೂ ನನ್ನ ಹೆಂಡತಿಯೂ ಮಾತಾಡಿಕೊಂಡಿದ್ದೇವೆ. ಹೊಗೆಯ ಕಾಲ ಮುಗಿಯುತ್ತಿದೆ, ಮುಗಿಯಲಿ. ಅದಕ್ಕೆ ತೊಡಕಾಗಿ ನಿಲ್ಲುವ ಆಸೆ ನನಗಿಲ್ಲ. ತಾಯಿಗೂ ಈ ಮಾತು ಹೇಳಿ, "ತಿರುವಿಗೆ ಬಂದಾಗ ಎರಡು ಸಲ ಹಾರನ್ ಮಾಡುತ್ತೇನಮ್ಮ" ಎಂದೆ.

"ಹಾರನ್ ಎಲ್ಲರೂ ಮಾಡುತ್ತಾರೆ" ಎಂದರು.

ಕಾರನ್ನು ಒಯ್ಯಲು ಜನ ಬರುವ ಹಿಂದಿನ ದಿನ ಭಾನುವಾರ. ಗೇಟಿನ ಕೀಲು ಬಹಳ ದಿನದಿಂದ ಕಿರುಗುಟ್ಟುತ್ತಿತ್ತು. ಬಟ್ಟಲಲ್ಲಿ ಎಣ್ಣೆ, ಹಕ್ಕಿಯ ಗರಿ ಹಿಡಿದು ಹೋಗಿ ಬಗ್ಗಿದೆ. ಗೇಟನ್ನು ಒಮ್ಮೆ ಆಡಿಸಿದೊಡನೆ ಜಗಲಿಯ ಮೇಲಿಂದ ತಾಯಿಯ ದನಿ ಬಂತು:

"ಅದಕ್ಕೆ ಮಾತ್ರ ಎಣ್ಣೆ ಬಿಡಬೇಡಪ್ಪ."